ಜೋಲಿಯಲ್ಲಿ ಕಾಲು ಚಾಚಿದ ದಿನಗಳು

ಮನುಷ್ಯ ನೆಲ ಬಿಟ್ಟು ಬೇರೆಲ್ಲಿ ಮಲಗಿದರೂ ಅವನ ಕಾಲಿಗೆ ಏನಾದರೊಂದು ಆಗುತ್ತಲೇ ಇರುತ್ತದೆ. ನನಗಂತೂ ಆಗಿದ್ದೆಲ್ಲ ಜೋಲಿಯಲ್ಲೇ ಆಯಿತು.

ನಾನು ಹಿಂದೂಪುರದವನು. ಈಗ ಊರಲ್ಲೇ ಶಾಲೆ ಮಕ್ಕಳ ವ್ಯಾನು ಓಡಿಸಿಕೊಂಡಿದ್ದೇನೆ. ಅದಕ್ಕೂ ಮುಂಚೆ, ಮದುವೆಯಾದ ಹೊಸದರಲ್ಲಿ, ಗಾಳಿಯಂತ್ರ ನಿಲ್ಲಿಸುವ ಒಂದು ಕಂಪನಿಯ ಜೀಪು ಓಡಿಸುತ್ತಿದ್ದೆ. ಯಂತ್ರ ನಿಲ್ಲಿಸುವುದಕ್ಕೆ ಮುಂಚೆ ಆ ಜಾಗದಲ್ಲಿ ಗಾಳಿ ಎಷ್ಟು ಬೀಸುತ್ತದೆ ಅಂತ ವರ್ಷಗಟ್ಟಲೆ ಅಳೆದು ನೋಡುತ್ತಾರೆ. ಅದಕ್ಕಂತ ಕಂಬದೂರಿಗೂ ಕಲ್ಯಾಣದುರ್ಗಕ್ಕೂ ನಡುವಿನ ಒಂದು ಗುಡ್ಡದ ನೆತ್ತಿಯಲ್ಲಿ ಉದ್ದನೆಯ ಕಬ್ಬಿಣದ ಕಂಬ ನೆಟ್ಟು, ಗುಡ್ಡದ ಬುಡದಲ್ಲಿ ಒಂದು ಕ್ಯಾಂಪು ಹಾಕಿದ್ದರು. ಕ್ಯಾಂಪು ಅಂದರೆ ಮೂರೇ ಜನ. ಮೈಸೂರು ಕಡೆಯ ಇಂಜಿನಿಯರ್ ಸಾರು, ಕಲ್ಯಾಣದುರ್ಗದ ಅಡುಗೆಯಣ್ಣ, ಮತ್ತೆ ಡ್ರೈವರ್ ನಾನು. ಒಂದು ಡೇರೆ ಇತ್ತು. ಅದರೊಳಗೆ ಸಾಮಾನು, ಒಲೆ, ಅಕ್ಕಿ ಮೂಟೆ. ನಾವು ಮಲಗುತ್ತಿದ್ದದ್ದು ಹೊರಗೆ.

ಅಲ್ಲಿಯ ನೆಲವೋ ಬರೀ ಗರಸು. ಕಲ್ಲು ಎತ್ತಿದರೆ ಕೆಳಗೊಂದು ಚೇಳು. ಬಂದ ಹೊಸದರಲ್ಲೇ ಅಡುಗೆಯಣ್ಣ ಚಾಪೆ ಕೊಡವಿದಾಗ ಒಂದು ಕೆಂಪು ಚೇಳು ಬಿತ್ತು. ಅದನ್ನು ಕಂಡ ಸಾರು ಅವತ್ತು ಇಡೀ ದಿನ ಜೀಪಿನಿಂದ ಕೆಳಗಿಳಿಯಲಿಲ್ಲ. ಮುಂದಿನ ವಾರ ಬೆಂಗಳೂರಿಗೆ ಹೋದವರು ಮೂರು ಹ್ಯಾಮಕ್ ತಂದರು. ಮುಷ್ಟಿಯಲ್ಲಿ ಹಿಡಿಯುವಂಥ ಗಂಟು, ಬಿಚ್ಚಿದರೆ ಆಳುದ್ದದ ನಯವಾದ ಬಟ್ಟೆ, ಎರಡು ತುದಿಗೂ ಹಗ್ಗ. ಎರಡು ಮರಕ್ಕೆ ಕಟ್ಟಿಕೊಂಡು ಒಳಗೆ ಮಲಗುವುದು. ಅಡುಗೆಯಣ್ಣ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದು ಜೋಲಿ ಕಣ್ರಿ ಸಾ, ನಾನು ಹುಟ್ಟಿದಾಗಲೇ ಮಲಗಿ ಬಿಟ್ಟಿದ್ದೀನಿ ಅಂದ. ಅಲ್ಲಿಂದ ಅದು ನಮಗೆ ಜೋಲಿಯೇ ಆಯಿತು.

ಕಾಲಿಗೆ ಬಿದ್ದದ್ದು

ಕಟ್ಟುವ ಮುಂಚೆ ನಾನು ಲೆಕ್ಕ ಹಾಕಿದೆ. ಮಂಚದ ಹಗ್ಗ ಸಡಿಲವಾದರೆ ಸೊಂಟ ನೋಯುತ್ತದೆ, ಬಿಗಿಯಾಗಿದ್ದರೆ ಸುಖ. ಜೋಲಿಗೂ ಅದೇ ನ್ಯಾಯ ಅಂದುಕೊಂಡು, ಜೀಪು ಎಳೆಯುವ ಹಗ್ಗ ಬಿಗಿದ ಹಾಗೆ ಬಲವಾಗಿ ಬಿಗಿದೆ. ಬೆರಳಲ್ಲಿ ಮೀಟಿದರೆ ಶಬ್ದ ಬರುತ್ತಿತ್ತು.

ಮಲಗಿದ ಮೇಲೆ ಗೊತ್ತಾಯಿತು. ಎರಡು ಅಂಚೂ ಮೇಲಕ್ಕೆ ಬಂದು ನನ್ನನ್ನು ಹುಣಸೆಕಾಯಿಯೊಳಗಿನ ಬೀಜದ ಹಾಗೆ ಹಿಚುಕಿದವು. ನಾನು ಸ್ವಲ್ಪ ಉದ್ದದ ಆಳು. ಎರಡು ಪಾದವೂ ಒಂದರ ಮೇಲೊಂದು ಕೂತು, ಹಿಮ್ಮಡಿಯ ಮೇಲೇ ಮೈಭಾರವೆಲ್ಲ ಬಿತ್ತು. ಹಾಗೇ ನಿದ್ದೆ ಹೋದೆ. ಬೆಳಿಗ್ಗೆ ಸಾರು ಹಲ್ಲುಜ್ಜಿಕೊಂಡು, ಟವೆಲ್ಲು ಹೆಗಲಿಗೆ ಹಾಕಿಕೊಂಡು ಬರುತ್ತಿದ್ದರು. ಸಾಹೇಬರು ಎದ್ದಮೇಲೂ ಡ್ರೈವರು ಮಲಗಿದ್ದರೆ ಚೆನ್ನಾಗಿರಲ್ಲ ಅಂತ ಗಡಿಬಿಡಿಯಲ್ಲಿ ಕೆಳಗಿಳಿದೆ. ಇಳಿದದ್ದು ನಾನೊಬ್ಬನೇ, ಕಾಲು ನನ್ನ ಜೊತೆ ಇಳಿಯಲಿಲ್ಲ. ಸೊಂಟದ ಕೆಳಗೆ ಪೂರ್ತಿ ಜೋಮು. ನೇರವಾಗಿ ಮುಂದಕ್ಕೆ ಬಿದ್ದೆ, ಎರಡು ಕೈಯೂ ಹೋಗಿ ಸಾರಿನ ಎರಡು ಪಾದದ ಮೇಲೆ ಕೂತವು.

ಏಳೋಣ ಅಂದರೆ ಕಾಲಿಲ್ಲ. ಹಾಗೇ ಬಿದ್ದಿದ್ದೆ. ಸಾರಿಗೆ ಸಂಕೋಚವಾಗಿ ಒಂದು ಹೆಜ್ಜೆ ಹಿಂದಕ್ಕೆ ಹೋದರು. ಬಾಯಲ್ಲಿದ್ದ ಪೇಸ್ಟು ಉಗಿದು, ಬಹಳ ಮೆತ್ತಗೆ ಹೇಳಿದರು: "ನೋಡಪ್ಪ, ಇದೆಲ್ಲ ಬೇಡ. ಹೊಸದಾಗಿ ಮದುವೆಯಾಗಿದೆ, ನನಗೆ ಅರ್ಥ ಆಗತ್ತೆ. ರಜೆ ಬೇಕಾದ್ರೆ ಬಾಯಲ್ಲಿ ಕೇಳು."

ಬೇಡ ಅನ್ನುವಷ್ಟು ಮೂರ್ಖ ನಾನಲ್ಲ. ಎದ್ದು ಕೂತು, ಭಾನುವಾರ ಸಾಕು ಸಾ ಅಂದೆ.

ಮೇಕೆ

ಜೋಮಿನ ಕಾರಣ ಆಮೇಲೆ ಹೇಳಿದಾಗ ಸಾರು ಸುಮ್ಮನಿರಲಿಲ್ಲ. ಫೋನಿನಲ್ಲಿ ಏನೇನೋ ಓದಿ, ಮಧ್ಯಾಹ್ನ ಊಟವಾದ ಮೇಲೆ ನಮಗಿಬ್ಬರಿಗೂ ಪಾಠ ಮಾಡಿದರು. ಜೋಲಿಯನ್ನು ಬಿಗಿಯಬಾರದು, ಬಾಳೆಹಣ್ಣಿನ ಹಾಗೆ ಸ್ವಲ್ಪ ಬಾಗಿರಬೇಕು. ಉದ್ದಕ್ಕೆ ನೇರವಾಗಿ ಮಲಗಬಾರದು, ಓರೆಯಾಗಿ ಮಲಗಬೇಕು, ತಲೆ ಒಂದು ಅಂಚಿಗೆ, ಕಾಲು ಇನ್ನೊಂದು ಅಂಚಿಗೆ. ಆಗ ಬಟ್ಟೆ ಅಗಲವಾಗಿ ಮೈ ಚಪ್ಪಟೆಯಾಗಿ ನಿಲ್ಲುತ್ತದೆ, ಪಾದಗಳು ಒತ್ತಿಕೊಳ್ಳುವುದಿಲ್ಲ. ಮಾತಿನಲ್ಲಿ ಹೇಳಿದ್ದಲ್ಲದೆ ಬೂಟು, ಕಾಲುಚೀಲ ಬಿಚ್ಚಿಟ್ಟು ತಾವೇ ಮಲಗಿ ತೋರಿಸಿದರು. ಅವರು ಹೇಳಿದ್ದು ನಿಜವೇ ಆಗಿತ್ತು. ಮಲಗಿದ ತಕ್ಷಣ ಅವರ ಮುಖವೇ ಅರಳಿತು. ಬಲಗಾಲಿನ ಪಾದ ಮಾತ್ರ ಅಂಚಿನಿಂದ ಸ್ವಲ್ಪ ಆಚೆ ಚಾಚಿಕೊಂಡಿತ್ತು.

ಅದೇ ಹೊತ್ತಿಗೆ ಅವರಿಗೊಂದು ಫೋನು ಬಂತು, ಹೆಡ್ಡಾಫೀಸಿನ ದೊಡ್ಡ ಸಾಹೇಬರದು. ನಮ್ಮ ಕ್ಯಾಂಪಿನಲ್ಲಿ ಸಿಗ್ನಲ್ ಸಿಗುತ್ತಿದ್ದದ್ದು ಜೋಲಿ ಕಟ್ಟಿದ್ದ ಆ ಬೇವಿನ ಮರದ ಕೆಳಗೆ ಮಾತ್ರ, ಅದೂ ತಲೆ ಅಲ್ಲಾಡಿಸದೆ ಇದ್ದರೆ. ಸಾರು ಮಲಗಿದಲ್ಲೇ ಮಾತಾಡತೊಡಗಿದರು. ಆ ಕಡೆಯವರು ಗಂಭೀರವಾಗಿ, ಈ ತಿಂಗಳು ಗಾಳಿ ಬಹಳ ಕಡಿಮೆ ಬಂದಿದೆ, ಹೀಗೇ ಆದರೆ ಆ ಗುಡ್ಡವನ್ನೇ ಕೈಬಿಡಬೇಕಾಗುತ್ತದೆ ಅಂತ ಹೇಳುತ್ತಿದ್ದರಂತೆ.

ಕಂಬದೂರಿನ ಕಡೆಯಿಂದ ಮೇಕೆ ಮಂದೆಯೊಂದು ದಿನಾ ನಮ್ಮ ಮರದ ನೆರಳಿನಲ್ಲೇ ಹಾದು ಹೋಗುತ್ತಿತ್ತು. ಅದರಲ್ಲೊಂದು ಮೇಕೆ ನಿಂತು, ಬೂಟಿನಿಂದ ಆಗತಾನೆ ಹೊರಬಂದ, ಬೆವರಿದ, ಉಪ್ಪುಪ್ಪಾದ ಆ ಅಂಗಾಲನ್ನು ನೋಡಿತು. ಆಮೇಲೆ ನೆಕ್ಕತೊಡಗಿತು. ಸಾರು ಅಲ್ಲಾಡಿದರೆ ಸಿಗ್ನಲ್ ಹೋಗುತ್ತದೆ, ದೊಡ್ಡ ಸಾಹೇಬರ ಫೋನು ಕಟ್ ಆಗಬಾರದು. ಹಲ್ಲು ಕಚ್ಚಿಕೊಂಡು ತಡೆದರು. ಮೇಕೆ ಬೆರಳ ಸಂದಿಗೆ ಬಂದಾಗ ತಡೆಯಲಾಗಲಿಲ್ಲ, ಬಿದ್ದು ಬಿದ್ದು ನಕ್ಕರು. ನಾನೂ ಅಡುಗೆಯಣ್ಣನೂ ಮೇಕೆ ಓಡಿಸುವ ಹೊತ್ತಿಗೆ ಆ ಕಡೆ ಫೋನು ಇಟ್ಟಾಗಿತ್ತು.

ಸ್ವಲ್ಪ ಹೊತ್ತಿಗೆ ನನ್ನ ಫೋನು ಬಡಿದುಕೊಂಡಿತು. ದೊಡ್ಡ ಸಾಹೇಬರೇ. ಡ್ರೈವರೇ, ನಿಮ್ಮ ಸಾರಿಗೆ ಏನಾಗಿದೆ, ಗಾಳಿ ಇಲ್ಲ ಅಂದರೆ ಯಾಕೆ ನಗುತ್ತಾರೆ ಅಂತ ಕೇಳಿದರು. ನಾನು ಇದ್ದದ್ದು ಇದ್ದ ಹಾಗೆ ಹೇಳಿದೆ: "ಏನಿಲ್ಲ ಸಾ, ಮೇಕೆ ಅಂಗಾಲು ನೆಕ್ತಾ ಇತ್ತು. ಓಡ್ಸಿದ್ವಿ."

ದೊಡ್ಡ ಸಾಹೇಬರು ಕನಿಕರದಿಂದ ಹೇಳಿದರು: "ನೀವೂ ಸ್ವಲ್ಪ ನೆರಳಲ್ಲಿರಿ."

ಜೀಪಿಗೆ ಕಟ್ಟಿದ ಜೋಲಿ

ಕ್ಯಾಂಪಿನ ಹತ್ತಿರ ಜೋಲಿ ಕಟ್ಟುವಷ್ಟು ಗಟ್ಟಿಯಾದ ಮರಗಳು ಕಡಿಮೆ. ಸಾರಿನದಕ್ಕೂ ನನ್ನದಕ್ಕೂ ಮರ ಸಿಕ್ಕವು. ಅಡುಗೆಯಣ್ಣನಿಗೆ ಒಂದು ಬದಿಗೆ ಹುಣಸೆ ಮರ, ಇನ್ನೊಂದು ಬದಿಗೆ ನನ್ನ ಜೀಪಿನ ಹಿಂದಿನ ಕೊಕ್ಕೆ. ಅವನು ಸ್ವಲ್ಪ ದಪ್ಪ. ಸಡಿಲ ಬಿಡಬೇಕು ಅಂತ ಸಾರು ಹೇಳಿದ್ದನ್ನು ಅತಿಯಾಗಿ ಪಾಲಿಸಿ, ಬಾವಿಯ ಬಿಂದಿಗೆಯ ಹಾಗೆ ಇಳಿಬಿಟ್ಟಿದ್ದ. ಒಳಗೆ ಕೂತರೆ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಕಾಲು ಮಡಿಸಿ ಮಡಿಸಿ ಮೀನಖಂಡ ಗಂಟುಕಟ್ಟುತ್ತದೆ ಅಂತ ದಿನಾ ಗೊಣಗುತ್ತಿದ್ದ. ಬಿಗಿಸಿಕೋ ಅಂದರೆ ಗಂಟು ಬಿಚ್ಚಲು ಸೋಮಾರಿತನ.

ಒಂದು ಮಧ್ಯಾಹ್ನ ಬಿಸಿಲು ತಿರುಗಿ ಜೀಪಿನ ಸೀಟು ಕಾಯುತ್ತಿತ್ತು. ಸ್ವಲ್ಪ ಮುಂದಕ್ಕೆ ನೆರಳಿಗೆ ತೆಗೆದು ನಿಲ್ಲಿಸೋಣ ಅಂತ ಹತ್ತಿದೆ. ಹಿಂದೆ ನೋಡಿದಾಗ ಜೋಲಿಯ ಬಟ್ಟೆ ಎರಡು ಕಡೆಯಿಂದ ಮುಚ್ಚಿಕೊಂಡಿತ್ತು. ಅಡುಗೆಯಣ್ಣ ಡೇರೆಯೊಳಗೆ ಪಾತ್ರೆ ತೊಳೆಯುತ್ತಿದ್ದಾನೆ, ಜೋಲಿ ಖಾಲಿ ಇದೆ ಅಂದುಕೊಂಡೆ. ಕೊಕ್ಕೆಯಿಂದ ಹಗ್ಗ ಬಿಚ್ಚುವುದು ಮರೆತೇ ಹೋಯಿತು. ಗೇರು ಹಾಕಿ ಮೆಲ್ಲಗೆ ಬಿಟ್ಟೆ. ಜೀಪು ಒಂದು ಗೇಣು ಹೋಯಿತು, ಏನೋ ಹಿಡಿದೆಳೆದ ಹಾಗಾಯಿತು. ಕನ್ನಡಿಯಲ್ಲಿ ನೋಡಿದರೆ ಜೋಲಿ ನೆಲದಿಂದ ಮೇಲಕ್ಕೆ ಏಳುತ್ತಿದೆ, ಒಳಗಿಂದ ಅಡುಗೆಯಣ್ಣನ ಎರಡು ಪಾದ ನಿಧಾನವಾಗಿ ಚಾಚಿಕೊಳ್ಳುತ್ತಿವೆ.

ಬ್ರೇಕು ಒತ್ತಿ, ಏನು ಬೈಗುಳ ಬರುತ್ತದೋ ಅಂತ ಕಾದು ಕೂತೆ. ಹಿಂದಿನಿಂದ ನಿದ್ದೆಗಣ್ಣಿನ ದನಿ ಬಂತು: "ಅಲ್ಲೇ, ಅಲ್ಲೇ ನಿಲ್ಸ್ಕಳಪ್ಪ. ಈಗ ಕಾಲು ಸರಿಹೋಯ್ತು."

ಅವತ್ತು ಸಂಜೆಯವರೆಗೂ ಜೀಪು ಬಿಸಿಲಲ್ಲೇ ನಿಂತಿತ್ತು.

ಹಿಂದೂಪುರದ ಮಂಚ

ಜೋಲಿಯಲ್ಲಿ ಮಲಗಿ ಮಲಗಿ ಮೈಗೆ ಅದೇ ಅಭ್ಯಾಸವಾಯಿತು. ಒಂದು ಸಲ ರಜೆ ಹಾಕಿ ಹಿಂದೂಪುರಕ್ಕೆ ಹೋದೆ. ಹೆಂಡತಿ ಆಗ ತವರಿನಲ್ಲಿದ್ದಳು. ನಮ್ಮದು ಚಿಕ್ಕ ಮನೆ, ಅಣ್ಣ ಲೇಪಾಕ್ಷಿಯಿಂದ ದಿನಾ ಬಸ್ಸಿನಲ್ಲಿ ಬಂದು ಹಿಂದೂಪುರದಲ್ಲಿ ಕೆಲಸ ಮಾಡುತ್ತಿದ್ದ, ಅವತ್ತು ನಾನು ಬಂದಿದ್ದೇನೆ ಅಂತ ನಮ್ಮ ಮನೆಯಲ್ಲೇ ಉಳಿದಿದ್ದ. ಇಬ್ಬರಿಗೂ ಒಂದೇ ಮಂಚ. ನಾನು ನಿದ್ದೆಯಲ್ಲಿ ಪಾಠದ ಪ್ರಕಾರ ಓರೆಯಾದೆ, ಕಾಲು ಅಣ್ಣನ ಹೊಟ್ಟೆಯ ಮೇಲೆ. ಅವನು ಎತ್ತಿಟ್ಟ, ಮತ್ತೆ ಓರೆಯಾದೆ. ಬೆಳಿಗ್ಗೆ ಅಣ್ಣ ನೆಲದ ಮೇಲಿದ್ದ, ಸಿಟ್ಟಿನಲ್ಲಿದ್ದ, ನಿನ್ನ ಕಾಲನ್ನು ಕಂಬದೂರಲ್ಲೇ ಬಿಟ್ಟು ಬರಬಾರದಾ ಅಂತ ಕೇಳಿದ.

ನಾನು ಏಳುವುದನ್ನು ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದಳು. ಮಂಚದ ಎರಡು ಅಂಚನ್ನೂ ಗಟ್ಟಿಯಾಗಿ ಹಿಡಿದು, ಎರಡು ಕಾಲೂ ಒಟ್ಟಿಗೆ ಎತ್ತಿ, ಒಂದು ಸಲ ತೂಗಿ, ಅಂದಾಜು ನೋಡಿ, ಮೆಲ್ಲಗೆ ನೆಲಕ್ಕೆ ಬಿಟ್ಟೆ. ಮಂಚ ಮೊಣಕಾಲೆತ್ತರವೂ ಇರಲಿಲ್ಲ. ಅಮ್ಮ ಕಾಫಿ ಲೋಟ ಕೈಗೆ ಕೊಟ್ಟು, "ಯಾವ ಹಡಗಿಂದ ಇಳಿದು ಬತ್ತಾ ಇದ್ದೀಯಪ್ಪ?" ಅಂದಳು.

ಅಮ್ಮ ಈಗಿಲ್ಲ. ಈಗಲೂ ಬೆಳಿಗ್ಗೆ ಮಂಚ ಇಳಿಯುವಾಗ ಒಮ್ಮೊಮ್ಮೆ ಅಂಚು ಹಿಡಿದುಕೊಳ್ಳುತ್ತೇನೆ. ಇಳಿದ ಮೇಲೆ ಬಾಗಿಲ ಕಡೆ ನೋಡುತ್ತೇನೆ.

ಎಳ್ಳು ಬೆಲ್ಲ

ಚಳಿಗಾಲದಲ್ಲಿ ಆ ಗುಡ್ಡದ ಗಾಳಿ ಬೆಳಗಿನ ಜಾವ ಜೋಲಿಯ ಅಡಿಯಿಂದ ನುಗ್ಗುತ್ತಿತ್ತು. ಮೇಲೆ ಎಷ್ಟು ಕಂಬಳಿ ಹೊದ್ದರೂ ಅಡಿಯಲ್ಲಿರುವುದು ತೆಳ್ಳನೆ ಬಟ್ಟೆ. ಮೊದಲು ಸೆಟೆಯುವುದು ಪಾದ. ಅಡುಗೆಯಣ್ಣ ಗೋಣಿಚೀಲ ಮಡಿಸಿ ಪಾದದಡಿ ಹಾಕಿಕೊಂಡ, ನಾನು ಎರಡು ಜೊತೆ ಕಾಲುಚೀಲ ಹಾಕಿಕೊಂಡೆ. ಸಾರಿಗೆ ಮಾತ್ರ ಏನು ಮಾಡಿದರೂ ಸಾಲದು. ಅವರಿಗಾಗಿ ಅಡುಗೆಯಣ್ಣ ಮಲಗುವ ಮುಂಚೆ ಬಾಟ್ಲಿಗೆ ಬಿಸಿನೀರು ತುಂಬಿ, ಟವೆಲ್ಲು ಸುತ್ತಿ ಕಾಲ ಬಳಿ ಇಡುತ್ತಿದ್ದ. ಬಹಳ ಹಿತವಾಗಿದೆ ಅಂತ ಸಾರು ಖುಷಿಪಟ್ಟರು.

ಒಂದು ಸಲ ಬಾಟ್ಲಿಯ ಮುಚ್ಚಳ ಸರಿಯಾಗಿ ಕೂತಿರಲಿಲ್ಲ. ಬೆಳಿಗ್ಗೆ ಎದ್ದಾಗ ಜೋಲಿಯ ಅರ್ಧ ಒದ್ದೆ, ಸಾರಿನ ಪ್ಯಾಂಟೂ ಒದ್ದೆ. ಎರಡನ್ನೂ ಬೇಲಿಯ ಮೇಲೆ ಬಿಸಿಲಿಗೆ ಹರಡಿ, ಅಡುಗೆಯಣ್ಣನ ಲುಂಗಿ ಸುತ್ತಿಕೊಂಡು ಒಲೆಯ ಮುಂದೆ ಕೂತಿದ್ದರು.

ಕೆಳಗಿನ ಹಳ್ಳಿಯಿಂದ ಒಬ್ಬ ಅಕ್ಕ ದಿನಾ ನಮಗೆ ಹಾಲು ತರುತ್ತಿದ್ದಳು. ಅವಳು ಬಂದು ಬೇಲಿಯ ಮೇಲಿನ ಜೋಲಿ ನೋಡಿದಳು, ಪ್ಯಾಂಟು ನೋಡಿದಳು, ಲುಂಗಿಯಲ್ಲಿ ಮುದುರಿ ಕೂತ ಸಾರನ್ನು ನೋಡಿದಳು. ನನ್ನನ್ನು ಪಕ್ಕಕ್ಕೆ ಕರೆದು, ಅಷ್ಟು ಓದಿದೋರು ಪಾಪ, ಯಾವಾಗಿನಿಂದ ಹಿಂಗೆ ಅಂತ ಕೇಳಿದಳು. ಕಾಲು ಸೆಟೆಯುವುದರ ವಿಷಯ ಕೇಳುತ್ತಿದ್ದಾಳೆ ಅಂದುಕೊಂಡೆ. ಚಳಿ ಶುರುವಾದಾಗಿನಿಂದ ಅಕ್ಕ ಅಂದೆ. ಅವಳು ತಲೆದೂಗಿ ಹಾಲು ಹೊಯ್ದು ಹೋದಳು.

ಮಾರನೆ ದಿನದಿಂದ ಹಾಲಿನ ಜೊತೆ ಒಂದು ಎಲೆಯಲ್ಲಿ ಎಳ್ಳು ಬೆಲ್ಲ ಕುಟ್ಟಿದ ಉಂಡೆ ಬರತೊಡಗಿತು. ಸಾರಿಗೆ ಮಾತ್ರ, ನಮಗಿಲ್ಲ. ಎದುರಿಗೆ ನಿಂತು ತಿನ್ನಿಸಿಯೇ ಹೋಗುತ್ತಿದ್ದಳು. ಸಾರು ನಾಲಿಗೆ ಚಪ್ಪರಿಸಿ ತಿಂದರು. ಇಲ್ಲಿಯ ಜನ ಎಷ್ಟು ಒಳ್ಳೆಯವರು, ಹೊರಗಿನಿಂದ ಬಂದವರನ್ನು ಎಷ್ಟು ಆದರಿಸುತ್ತಾರೆ ಅಂತ ನಮಗೆ ಹೇಳುತ್ತಿದ್ದರು. ಕೊನೆಗೊಂದು ದಿನ ಅವಳನ್ನೇ ಕೇಳಿದರು, ಏನಮ್ಮ ವಿಶೇಷ, ದಿನಾ ತರ್ತೀಯಲ್ಲ ಅಂತ.

"ವಿಶೇಷ ಏನಿಲ್ಲ ಸಾ," ಅಂದಳು ಅಕ್ಕ, ಅವರ ಕಡೆ ನೇರ ನೋಡದೆ. "ನಮ್ ಹುಡುಗಂಗೂ ರಾತ್ರಿ ಹಾಸ್ಗೇಲಿ ಆಗೋದು ಇದ್ರಲ್ಲೇ ನಿಂತೋಯ್ತು."

ಪುಟ್ಟ ದಿಂಬು

ನಮ್ಮ ಸಾರು ಈಗ ಎಲ್ಲೋ ಗುಜರಾತಿನ ಕಡೆ ಇದ್ದಾರೆ, ಹಬ್ಬಕ್ಕೆ ಫೋನು ಮಾಡುತ್ತಾರೆ. ನಾವು ಗಾಳಿ ಅಳೆದ ಆ ಗುಡ್ಡದ ಸಾಲಿನಲ್ಲಿ ಈಗ ಬಿಳಿ ರೆಕ್ಕೆಗಳು ತಿರುಗುತ್ತವೆ. ಕಲ್ಯಾಣದುರ್ಗದ ಬಸ್ಸಿನಲ್ಲಿ ಕೂತಾಗಲೆಲ್ಲ ನಾನು ಆ ಕಡೆಯ ಕಿಟಕಿಯನ್ನೇ ಹಿಡಿಯುತ್ತೇನೆ. ನನ್ನ ಹೆಂಡತಿ ಆ ಗುಡ್ಡ ಕಂಡ ತಕ್ಷಣ ಮುಖ ತಿರುಗಿಸಿ ನಗುತ್ತಾಳೆ. ಯಾಕೆ ಅಂದರೆ ಇದಕ್ಕೆ.

ನನ್ನ ಮಾವನ ಮನೆ ಕಲ್ಯಾಣದುರ್ಗ. ಕ್ಯಾಂಪು ಹತ್ತಿರ ಅಂತ ಹೆಂಡತಿಯನ್ನು ಅಲ್ಲೇ ಬಿಟ್ಟಿದ್ದೆ, ಭಾನುವಾರ ಹೋಗಿ ಬರುತ್ತಿದ್ದೆ. ಮಾವ ರಿಟೈರಾದ ಬಸ್ ಕಂಡಕ್ಟರು. ನನ್ನ ಜೊತೆ ಮಾತು ಕಡಿಮೆ. ಟಿಕೆಟ್ ಕೊಡುವ ಹಾಗೆ, ಬಂದ್ಯಾ, ಊಟ ಆಯ್ತಾ, ಹೊರಟ್ಯಾ, ಇಷ್ಟೇ. ಸಂಬಂಧ ಕುದುರಿಸಿದ ದಲ್ಲಾಳಿ, ಹುಡುಗನಿಗೆ ಕಂಪನಿ ಕ್ವಾರ್ಟರ್ಸ್ ಕೊಟ್ಟಿದೆ ಅಂತ ಅವರಿಗೆ ಹೇಳಿಬಿಟ್ಟಿದ್ದ. ಹಾಗಾಗಿ ಅಳಿಯ ಮರಕ್ಕೆ ನೇತಾಡಿಕೊಂಡು ಮಲಗುವ ವಿಷಯ ಆ ಮನೆಯಲ್ಲಿ ಹೆಂಡತಿಗೆ ಮಾತ್ರ ಗೊತ್ತು. ಗೊತ್ತಾದರೆ ಮಾವ ಏನನ್ನುತ್ತಾರೋ ಅಂತ ನಮ್ಮಿಬ್ಬರಿಗೂ ಒಳಗೊಳಗೇ ಭಯ.

ಆ ದಿನಗಳಲ್ಲಿ ನನಗೆ ಮಂಡಿ ನೋವು ಶುರುವಾಗಿತ್ತು. ಓರೆಯಾಗಿ ಮಲಗಿದರೆ ಕಾಲೇನೋ ನೇರವಾಗುತ್ತಿತ್ತು, ಆದರೆ ಮಂಡಿಯ ಹಿಂದೆ ಆಸರೆ ಇಲ್ಲದೆ ಬೆಳಿಗ್ಗೆ ಹೊತ್ತಿಗೆ ಹಿಮ್ಮಡಿಯೂ ಮಂಡಿಯೂ ಹಿಡಿದುಕೊಳ್ಳುತ್ತಿದ್ದವು. ಮಂಡಿ ಕೆಳಗೆ ಒಂದು ಚಿಕ್ಕ ದಿಂಬು ಇಟ್ಟುಕೋ ಅಂದರು ಸಾರು. ತಲೆದಿಂಬು ಇಟ್ಟು ನೋಡಿದೆ, ದೊಡ್ಡದಾಗಿ ಜಾರಿ ಬೀಳುತ್ತಿತ್ತು. ಹೆಂಡತಿಗೆ ಫೋನು ಮಾಡಿ, ಜೋಲಿಗೆ ಒಂದು ಪುಟ್ಟ ದಿಂಬು ಬೇಕು, ಮೆತ್ತಗೆ ಹೊಲಿದಿಡು ಅಂದೆ. ಅಷ್ಟರಲ್ಲಿ ಸಿಗ್ನಲ್ ಹೋಯಿತು.

ಅವಳು ಹಳೆ ಸೀರೆಯ ತುಂಡಿಗೆ ಹತ್ತಿ ತುಂಬಿ ಹೊಲಿಯುತ್ತಾ ಕೂತಿದ್ದಾಗ ಅತ್ತೆ ನೋಡಿದ್ದಾರೆ. ಇಷ್ಟು ಚಿಕ್ಕ ದಿಂಬು ಯಾರಿಗಮ್ಮ ಅಂತ ಕೇಳಿದ್ದಾರೆ. ಕ್ವಾರ್ಟರ್ಸಿನ ಗುಟ್ಟು ಬಯಲಾಗಬಾರದಲ್ಲ, ಇವಳು ತಲೆ ತಗ್ಗಿಸಿ, ಜೋಲಿಗಂತೆ, ಅವರು ಹೇಳಿದ್ರು ಅಂದು ಎದ್ದು ಒಳಗೆ ಹೋಗಿದ್ದಾಳೆ. ಅತ್ತೆಗೆ ಇನ್ನೇನು ಬೇಕು.

ಇದೊಂದೂ ಗೊತ್ತಿಲ್ಲದೆ ನಾನು ಭಾನುವಾರ ಹೋದೆ. ಬೀದಿಯ ತಿರುವಿನಲ್ಲೇ ಹೆಂಗಸರು ನನ್ನ ನೋಡಿ ನಕ್ಕರು. ಪಕ್ಕದ ಮನೆ ಅವ್ವ ಗಲ್ಲ ಸವರಿ, "ಮಂಚಿ ಮಾಟ ವಿನ್ನಾನಪ್ಪಾ," ಒಳ್ಳೆ ಮಾತು ಕೇಳಿದೆ ಅಂದಳು. ಮನೆಯೊಳಗೆ ಅತ್ತೆ ಫ್ಯಾನಿನ ಕೆಳಗೆ ಕುರ್ಚಿ ಹಾಕಿದರು. ಎಲೆ ತುಂಬ ಒಬ್ಬಟ್ಟು, ಮೇಲೆ ತುಪ್ಪ. ಮಾವ ಎದುರಿಗೆ ಕೂತು, ಕೆಲಸ ಹೇಗಿದೆ, ಬಿಸಿಲು ಜಾಸ್ತಿಯಾ, ಮೈ ಕಡೆ ನೋಡಿಕೋ ಅಂತ ಉದ್ದುದ್ದ ಮಾತಾಡಿದರು. ಕೊನೆಗೂ ನನ್ನ ಬೆಲೆ ಇವರಿಗೆ ತಿಳಿಯಿತು ಅಂತ ನಾನು ಇನ್ನೊಂದು ಒಬ್ಬಟ್ಟು ಹಾಕಿಸಿಕೊಂಡೆ. ಹೆಂಡತಿ ಅಡುಗೆಮನೆ ಬಾಗಿಲ ಹಿಂದೆ ನಿಂತು ಏನೇನೋ ಕೈಸನ್ನೆ ಮಾಡುತ್ತಿದ್ದಳು. ನಾಚಿಕೆ ಇರಬೇಕು ಅಂದುಕೊಂಡೆ.

ಊಟವಾದ ಮೇಲೆ ಅತ್ತೆ ಆ ದಿಂಬನ್ನು ತಟ್ಟೆಯಲ್ಲಿಟ್ಟು, ಒಂದು ಮೂಲೆಗೆ ಅರಿಶಿನ ಕುಂಕುಮ ಹಚ್ಚಿ ತಂದು ನನ್ನ ಮುಂದೆ ಹಿಡಿದರು. ಅಂಚಿಗೆಲ್ಲ ತಾವೇ ಗಿಣಿ ಕಸೂತಿ ಹಾಕಿದ್ದರು. ಹೆಂಗೈತೆ ನೋಡಪ್ಪ ಅಂದರು. ನನಗೆ ಬಹಳ ಸಂತೋಷವಾಯಿತು. ಒತ್ತಿ ನೋಡಿದೆ, ಮೆತ್ತಗಿತ್ತು. ಆದರೆ ಅಳತೆ ನೋಡದೆ ಹೇಗೆ ಹೇಳುವುದು? ಪಕ್ಕದಲ್ಲೇ ಮಂಚ ಇತ್ತು. ಉದ್ದಕ್ಕೆ ಮಲಗಿ, ದಿಂಬನ್ನು ಮಂಡಿಯ ಕೆಳಗೆ ಸೇರಿಸಿ, ಕಾಲು ಎರಡು ಸಲ ಅಲ್ಲಾಡಿಸಿ, "ಸರಿಯಾಗಿ ಕೂತದೆ ಅತ್ತೆ," ಅಂದೆ.

ಹೆಂಡತಿ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಮಾವ ನಿಧಾನವಾಗಿ, ಇದೇನಪ್ಪ ಅಂದರು. ಅವರ ಮುಖ ನೋಡಿದ ಮೇಲೆ ಮುಚ್ಚಿಡುವುದಕ್ಕೆ ಧೈರ್ಯ ಬರಲಿಲ್ಲ. ಮಲಗಿದ್ದವನು ಎದ್ದು ಕೂತು ಎಲ್ಲ ಹೇಳಿದೆ. ಹ್ಯಾಮಕ್, ಚೇಳು, ಹಿಮ್ಮಡಿ, ಮಂಡಿ ಎಲ್ಲ. ಹಾಗಾದರೆ ಕ್ವಾರ್ಟರ್ಸು ಅಂದರು ಮಾವ. ಬೇವಿನ ಮರ ಅಂದೆ.

ಮಾವ ನನ್ನನ್ನೇ ನೋಡಿದರು, ದಿಂಬು ನೋಡಿದರು. ಅವರ ಭುಜ ಅಲ್ಲಾಡತೊಡಗಿತು. ಸಿಟ್ಟು ಅಂದುಕೊಂಡೆ, ನಗು ಆಗಿತ್ತು. ಕಣ್ಣೊರೆಸಿಕೊಂಡು ತಮ್ಮ ಕಥೆ ತೆಗೆದರು. ಹಳ್ಳಿಗಳಲ್ಲಿ ಬಸ್ಸು ರಾತ್ರಿ ನಿಂತಾಗ ಅವರು ಹಿಂದಿನ ಸೀಟಿನಲ್ಲಿ ಮಲಗುತ್ತಿದ್ದರಂತೆ, ಸೀಟು ಸಾಲದೆ ಕಾಲು ಕಿಟಕಿಯಾಚೆ. ಒಂದು ಸಲ ಬೆಳಿಗ್ಗೆ ನೋಡಿದರೆ ಯಾರೋ ಅವರ ಹೆಬ್ಬೆರಳಿಗೆ ಎಮ್ಮೆಯ ಹಗ್ಗ ಕಟ್ಟಿ ಟೀ ಕುಡಿಯಲು ಹೋಗಿದ್ದರಂತೆ. ಅವತ್ತು ನಾವಿಬ್ಬರೂ ಮಂಚದ ಮೇಲೆ ಅಕ್ಕಪಕ್ಕ ಕೂತು ಮೊದಲ ಸಲ ಒಟ್ಟಿಗೆ ನಕ್ಕೆವು. ಆ ದಿನದ ಮೇಲೆ ಮಾವ ನನ್ನ ಜೊತೆ ಟಿಕೆಟ್ ಕೊಡುವ ಹಾಗೆ ಮಾತಾಡಿದ್ದೇ ಇಲ್ಲ.

ಅತ್ತೆ ಮಾತ್ರ ನಗಲಿಲ್ಲ. ಖಾಲಿ ತಟ್ಟೆ ಹಿಡಿದುಕೊಂಡು ನಿಂತೇ ಇದ್ದರು. ನಮ್ಮ ನಗು ನಿಲ್ಲುವವರೆಗೂ ಕಾದು, ನನ್ನ ಕಡೆಗೂ ಅಡುಗೆಮನೆ ಬಾಗಿಲ ಕಡೆಗೂ ಒಂದೊಂದು ಸಲ ನೋಡಿ ಹೇಳಿದರು:

"ಬೀದಿಗೆಲ್ಲ ಒಬ್ಬಟ್ಟು ಹಂಚ್ಬುಟ್ಟಿದ್ದೀನಿ ಕಣಪ್ಪ. ಕೊಟ್ಟಿದ್ದನ್ನ ಈಸ್ಕಂಡು ಬರಕ್ಕಾಗಲ್ಲ. ಏನ್ ಮಾಡ್ತೀರೋ ಏನೋ, ಬೇಗ ಮಾಡಿ."